ಮಗಳು ಇದ್ದರೆ 91, ಹೋದರೆ 84

ಶನಿವಾರ ಬೆಳಗ್ಗೆ ನಾನೊಂದು ಪುಗಸಟ್ಟೆ ಕೆಲಸ ಮಾಡುತ್ತೇನೆ. ಇಂಗ್ಲೆಂಡಿನಲ್ಲಿ ನಾನಿರುವ ಊರಿನ ಚರ್ಚಿನ ಹಾಲ್. ಒಂದು ಮೇಜು, ಮೂರು ಕುರ್ಚಿ, ಒಂದು ಕೆಟಲ್. ಸರ್ಕಾರದ ಪತ್ರ ಅರ್ಥವಾಗದವರು ಬಂದು ಎದುರಿಗೆ ಕೂರುತ್ತಾರೆ. ಪತ್ರ ನನಗೂ ಮೊದಲ ಸಲಕ್ಕೆ ಅರ್ಥವಾಗುವುದಿಲ್ಲ. ಆದರೆ ಅರ್ಥವಾಗದವರು ಇಬ್ಬರಾದರೆ ಒಂಥರಾ ಧೈರ್ಯ.

ಆವತ್ತು ಬಂದವರು ತಾಯಿ, ಮಗ. ತಾಯಿಗೆ ಎಪ್ಪತ್ತರ ಹತ್ತಿರ, ಮಗನಿಗೆ 31. ಒಳಗೆ ಬಂದ ಕೂಡಲೇ ಆಕೆ ಮಗನ ಜಾಕೆಟ್ಟಿನ ಜಿಪ್ ಎಳೆದು ಬಿಚ್ಚಿದರು, ಇಲ್ಲಿ ಸೆಕೆ ಅಂತ. ಮಗ ಸುಮ್ನೆ ನಿಂತು ಬಿಚ್ಚಿಸಿಕೊಂಡ. ಆಮೇಲೆ ಆಕೆ ಕೈಚೀಲದಿಂದ ಒಂದು ಕವರು ತೆಗೆದು ಮೇಜಿನ ಮೇಲಿಟ್ಟರು. ಕೌನ್ಸಿಲ್ ಪತ್ರ, ಅಂದರೆ ಇಲ್ಲಿನ ನಗರಸಭೆಯದ್ದು. ಎರಡು ಹಾಳೆಯ ಸಾರಾಂಶ ಇಷ್ಟು: ನಿಮ್ಮ ಮನೆಯಲ್ಲಿ ಒಬ್ಬ ‘ನಾನ್-ಡಿಪೆಂಡೆಂಟ್’ ವಾಸವಾಗಿದ್ದಾನೆ. ಆದ್ದರಿಂದ ನಿಮ್ಮ ಹೌಸಿಂಗ್ ಬೆನಿಫಿಟ್‌ನಲ್ಲಿ ವಾರಕ್ಕೆ 60.95 ಪೌಂಡ್ ಕಡಿತ. ಹೌಸಿಂಗ್ ಬೆನಿಫಿಟ್ ಅಂದರೆ ಆದಾಯ ಕಡಿಮೆ ಇರುವವರ ಮನೆ ಬಾಡಿಗೆಗೆ ಸರ್ಕಾರ ಕೊಡುವ ಸಹಾಯ.

“ಯಾರಪ್ಪಾ ಇವನು, ನನಗೆ ಗೊತ್ತಿಲ್ಲದೆ ಮನೆಯಲ್ಲಿ ಸೇರಿಕೊಂಡಿರೋನು?” ಅಂತ ಆಕೆ ಕೇಳಿದರು.

ನಾನು ಮಗನ ಕಡೆ ನೋಡಿದೆ. ಮಗ ಬಿಸ್ಕತ್ತಿನ ಕಡೆ ನೋಡುತ್ತಿದ್ದ.

ನಾನ್-ಡಿಪೆಂಡೆಂಟ್ ಅಂದರೆ ಯಾರನ್ನೂ ನೆಚ್ಚಿಕೊಂಡಿರದವನು. ಬ್ರಿಟನ್ನಿನ ಕಾನೂನಿನಲ್ಲಿ ಈ ಬಿರುದು ಪಡೆಯಲು ದೊಡ್ಡ ಸಾಧನೆಯೇನೂ ಬೇಕಿಲ್ಲ. ವಯಸ್ಸು 18 ದಾಟಿರಬೇಕು, ಅಮ್ಮನದೋ ಅಪ್ಪನದೋ ಬಾಡಿಗೆ ಮನೆಯಲ್ಲಿರಬೇಕು. ಬಹುಮಟ್ಟಿಗೆ ಅಷ್ಟೇ. ಸಾಕ್ಸ್ ಒಗೆಯಲು ಬರಬೇಕಾಗಿಲ್ಲ. ಮೊಟ್ಟೆ ಬೇಯಿಸಲು ಬರಬೇಕಾಗಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ಅಮ್ಮನೇ ಅಪಾಯಿಂಟ್‌ಮೆಂಟ್ ತೆಗೆದುಕೊಟ್ಟರೂ ಬಿರುದಿಗೆ ಕುಂದಿಲ್ಲ. ಪ್ರಪಂಚದಲ್ಲಿ ಪೂರ್ತಿ ಅಮ್ಮನನ್ನೇ ನೆಚ್ಚಿಕೊಂಡಿರುವವನಿಗೆ ‘ಯಾರನ್ನೂ ನೆಚ್ಚಿಕೊಂಡಿಲ್ಲ’ ಅಂತ ಸರ್ಟಿಫಿಕೇಟ್ ಕೊಡುವ ಧೈರ್ಯ ಸರ್ಕಾರಕ್ಕೆ ಮಾತ್ರ ಇರುತ್ತದೆ.

‘ಜೊತೆಗೆ ವಾಸ’ ಅನ್ನುವುದಕ್ಕೂ ಅವರದೊಂದು ವ್ಯಾಖ್ಯಾನ ಇದೆ. ಬಚ್ಚಲು, ಕಕ್ಕಸು, ಓಣಿಯಂಥ ಸಾಮಾನ್ಯ ಜಾಗ ಮಾತ್ರ ಹಂಚಿಕೊಂಡರೆ ಅದು ಜೊತೆ ವಾಸ ಅಲ್ಲ. ನಮ್ಮಲ್ಲಿ ಒಲೆ ಬೇರೆಯಾದರೆ ಮನೆ ಬೇರೆಯಾಯಿತು ಅನ್ನುತ್ತಾರೆ. ಇವರು ಸಂಸಾರವನ್ನು ಅಳೆಯಲು ಶುರುಮಾಡಿದ್ದು ಕಕ್ಕಸಿನ ಬಾಗಿಲಿನಿಂದ.

ಇನ್ನು ದರದ ಪಟ್ಟಿ. 2024-25ರದ್ದು ನನ್ನ ಮೇಜಿನ ಮೇಲೆ ಅಂಟಿಸಿಕೊಂಡಿದ್ದೇನೆ, ಹೋಟೆಲಿನ ತಿಂಡಿ ಬೋರ್ಡಿನ ಹಾಗೆ. ಮಗ ವಾರಕ್ಕೆ 16 ಗಂಟೆಗಿಂತ ಕಡಿಮೆ ದುಡಿದರೆ, ಅಥವಾ ವಾರದ ಸಂಬಳ 176 ಪೌಂಡಿನೊಳಗಿದ್ದರೆ, ಅಮ್ಮನಿಗೆ ಕಡಿತ 19.30. ಅಲ್ಲಿಂದ ಮೇಲೆ ಮೆಟ್ಟಿಲು. 44.40, 60.95, 99.65, 113.50. ತುತ್ತತುದಿಯಲ್ಲಿ, ಮಗನ ಸಂಬಳ ವಾರಕ್ಕೆ 554 ಮುಟ್ಟಿದರೆ, 124.55 ಪೌಂಡ್. ಸಂಬಳ ಅಂದರೆ ಕೈಗೆ ಬಂದದ್ದಲ್ಲ, ತೆರಿಗೆ ಕಳೆಯುವುದಕ್ಕೆ ಮುಂಚಿನದ್ದು. ಮಗ ನೋಡದೇ ಇರುವ ದುಡ್ಡಿಗೂ ಅಮ್ಮನ ಬಾಡಿಗೆಯಲ್ಲಿ ಲೆಕ್ಕ.

ಈ ಮೆಟ್ಟಿಲುಗಳನ್ನು ಕಟ್ಟಿದ ಮೇಸ್ತ್ರಿ ಯಾರೋ, ಎಡವಲೆಂದೇ ಕಟ್ಟಿದ್ದಾನೆ. ನನ್ನೆದುರಿಗೆ ಕೂತಿದ್ದ ಹುಡುಗ (31 ಆದರೂ ಹುಡುಗನೇ, ಜಿಪ್ ನೆನಪಿರಲಿ) ಗೋದಾಮಿನಲ್ಲಿ ವಾರಕ್ಕೆ 29 ಗಂಟೆ ಕೆಲಸ ಮಾಡುತ್ತಾನೆ. ಆ ವರ್ಷದ ಕನಿಷ್ಠ ಕೂಲಿ ಗಂಟೆಗೆ 11.44. ಒಟ್ಟು 331.76. ಮೂರನೇ ಮೆಟ್ಟಿಲಿನ ಅಂಚು 333.99ಕ್ಕೆ. ಅಂದರೆ ಎರಡು ಪೌಂಡ್ ಚಿಲ್ಲರೆ ದೂರದಲ್ಲಿ ನಿಂತಿದ್ದಾನೆ. ಇನ್ನು ಒಂದೇ ಒಂದು ಗಂಟೆ ಜಾಸ್ತಿ ಮಾಡಿದರೆ 343.20. ಕಡಿತ 60.95ರಿಂದ 99.65ಕ್ಕೆ ಹಾರುತ್ತದೆ. ಮಗನಿಗೆ ಆ ಗಂಟೆಯ ಗಳಿಕೆ 11.44, ತೆರಿಗೆ ಗಿರಿಗೆ ಕಳೆದರೆ ಕೈಗೆ ಎಂಟು ಪೌಂಡ್ ಸುಮಾರು. ಅಮ್ಮನಿಗೆ ಆ ಗಂಟೆಯ ಖರ್ಚು 38.70. ಇಡೀ ಬ್ರಿಟನ್ನಿನಲ್ಲಿ ಇಷ್ಟು ದುಬಾರಿ ಗಂಟೆ ವಕೀಲರದ್ದು ಬಿಟ್ಟರೆ ಗೋದಾಮಿನ ಹುಡುಗನದ್ದೇ ಇರಬೇಕು.

ಮಗ ಆ ದುಡ್ಡನ್ನು ಅಮ್ಮನಿಗೆ ಕೊಡುತ್ತಾನಾ? ಈ ಪ್ರಶ್ನೆಯನ್ನು ಕಾನೂನು ಕೇಳುವುದೇ ಇಲ್ಲ. ಕೊಡುತ್ತಾನೆ ಅಂತ ನಂಬಿ ಕಡಿತ ಮಾಡುತ್ತದೆ. ಮಕ್ಕಳ ಮೇಲೆ ಇಷ್ಟು ನಂಬಿಕೆ ಹೆತ್ತವರಿಗೂ ಇರುವುದಿಲ್ಲ. ಮಗ ದುಡಿಯುತ್ತಿದ್ದೂ ಸಂಬಳದ ಚೀಟಿ ತೋರಿಸಲು ಒಪ್ಪಲಿಲ್ಲ ಅನ್ನಿ, ಆಗ ಕೌನ್ಸಿಲ್ ಅತಿ ಹೆಚ್ಚಿನ ದರವನ್ನೇ ಹಾಕಿಬಿಡಬಹುದು. ಅಮ್ಮನ ಜೊತೆ ಜಗಳ ಆಡಿಕೊಂಡು ಮಾತು ಬಿಟ್ಟಿರುವ ಮಗ ಕಾಗದದ ಮೇಲೆ ಒಳ್ಳೇ ಸಂಬಳದವನಾಗುತ್ತಾನೆ. ಹುಡುಗಿ ನೋಡಲು ಹೋಗುವಾಗ ಈ ಪತ್ರ ಜೇಬಿನಲ್ಲಿಟ್ಟುಕೊಂಡರೆ ಉಪಯೋಗಕ್ಕೆ ಬಂದೀತು.

ವಿನಾಯಿತಿ ಇಲ್ಲವೇ ಅಂದರೆ ಇದೆ. ಮಗ ಜೈಲಿಗೆ ಹೋದರೆ ಕಡಿತ ಇಲ್ಲ. ಸೈನ್ಯಕ್ಕೆ ಸೇರಿ ಕಾರ್ಯಾಚರಣೆಗೆ ಹೊರಟರೆ ಕಡಿತ ಇಲ್ಲ. ಒಟ್ಟಿನಲ್ಲಿ ಮಗ ಒಂದು ಕಳ್ಳನಾಗಬೇಕು, ಇಲ್ಲ ವೀರನಾಗಬೇಕು. ನಡುವೆ ನಿಂತು ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿದರೆ ಅಮ್ಮನಿಗೆ ದಂಡ.

ತಾಯಿಗೇ ಕಾಯಿಲೆ ಇದ್ದರೂ ವಿನಾಯಿತಿ ಇದೆ. ವಯಸ್ಸಾದವರಿಗೆ ಸ್ನಾನ, ಬಟ್ಟೆ ಇಂಥದ್ದಕ್ಕೆ ಇನ್ನೊಬ್ಬರ ಸಹಾಯ ಬೇಕಾದರೆ ‘ಅಟೆಂಡೆನ್ಸ್ ಅಲೋಯನ್ಸ್’ ಅಂತ ಒಂದು ಭತ್ಯೆ ಸಿಗುತ್ತದೆ. ಅದು ಸಿಕ್ಕಿದರೆ ಮಗನ ಮೇಲಿನ ಕಡಿತ ಪೂರ್ತಿ ಮಾಯ. ಹಾಗಾಗಿ ನಮ್ಮಂಥ ಮೇಜಿನವರು ಮೊದಲು ಕೇಳುವ ಪ್ರಶ್ನೆಯೇ ಅದು.

“ಸ್ನಾನಕ್ಕೆ ಯಾರದಾದರೂ ಸಹಾಯ ಬೇಕಾಗುತ್ತಾ?” ಅಂದೆ.

ಆಕೆಗೆ ಅವಮಾನವಾಯಿತು. “ನಾನಾ? ಬೆಳಗ್ಗೆ ಆರಕ್ಕೆ ಏಳ್ತೀನಿ. ಇವನಿಗೆ ಡಬ್ಬಿ ಕಟ್ಟಿಕೊಟ್ಟು, ನಾಯಿನ ಎರಡು ಮೈಲಿ ನಡೆಸಿಕೊಂಡು ಬರ್ತೀನಿ.”

“ರಾತ್ರಿ ಎದ್ದು ನೋಡಿಕೊಳ್ಳೋರು ಯಾರಾದರೂ ಬೇಕಾ?”

“ರಾತ್ರಿ ಎದ್ದು ಇವನ ಹೀಟರ್ ಆರಿಸೋದು ನಾನೇ.”

ನಾನು ಪೆನ್ನಿನ ಮುಚ್ಚಳ ಹಾಕಿದೆ. ಆಕೆ ಗಟ್ಟಿಮುಟ್ಟಾಗಿದ್ದಾರೆ. ಅದೇ ಆಕೆಯ ತಪ್ಪು.

ಪಿಂಚಣಿ ವಯಸ್ಸಿನವರಿಗೆ ಒಂದು ದಯೆ ತೋರಿಸಿದ್ದಾರೆ, ಹೇಳದಿದ್ದರೆ ಅನ್ಯಾಯವಾದೀತು. ಮಗ ಹೊಸದಾಗಿ ಮನೆಗೆ ಬಂದು ಸೇರಿಕೊಂಡರೆ ಕಡಿತ 26 ವಾರ ತಡವಾಗಿ ಶುರುವಾಗುತ್ತದೆ. ಸಂಬಳ ಏರಿ ಕಡಿತ ಏರಿದಾಗಲೂ ಅಷ್ಟೇ ಗಡುವು. ಈ ಹುಡುಗ ಜೊತೆಗಿದ್ದವಳು ಬಿಟ್ಟುಹೋದ ಮೇಲೆ ಒಂದು ಸೂಟ್‌ಕೇಸು, ಒಂದು ಟಿವಿ ಹಿಡಿದುಕೊಂಡು ಅಮ್ಮನ ಮನೆಗೆ ವಾಪಸ್ ಬಂದಿದ್ದ. 26 ವಾರ ಮುಗಿದಿತ್ತು. ಮನಸ್ಸಿನ ಗಾಯ ಆರು ತಿಂಗಳಲ್ಲಿ ವಾಸಿಯಾಗಬೇಕು, ಆಮೇಲೆ ವಾರಕ್ಕೆ 60.95.

ಇದು ವಯಸ್ಸಾದವರ ಕಥೆ. ಹೌಸಿಂಗ್ ಬೆನಿಫಿಟ್ ಈಗ ಮುಖ್ಯವಾಗಿ ಉಳಿದಿರುವುದು ಅವರಿಗೇ. ದುಡಿಯುವ ವಯಸ್ಸಿನವರನ್ನು ಬಾಡಿಗೆ ಸಹಾಯ, ಜೀವನದ ಭತ್ಯೆ ಎಲ್ಲ ಒಂದರಲ್ಲೇ ಬರುವ ‘ಯೂನಿವರ್ಸಲ್ ಕ್ರೆಡಿಟ್’ ಅನ್ನುವ ಹೊಸ ಗಾಡಿಗೆ ಹತ್ತಿಸಿದ್ದಾರೆ. ಅಲ್ಲಿ ಮೆಟ್ಟಿಲಿನ ಕಾಟ ಇಲ್ಲ. ಒಂದೇ ದರ. ಮಗನೋ ಮಗಳೋ 21 ದಾಟಿ ಮನೆಯಲ್ಲಿದ್ದರೆ, 2024-25ರಲ್ಲಿ ತಿಂಗಳಿಗೆ 91.47 ಪೌಂಡ್. ಸಂಬಳ ಎಷ್ಟೇ ಇರಲಿ, ಕಡಿಮೆಯೇ ಇರಲಿ. ಇದಕ್ಕೆ ಕಡಿತ ಅನ್ನುವ ಒರಟು ಹೆಸರು ಕೂಡ ಇಲ್ಲ. ‘ಮನೆ ಖರ್ಚಿನ ವಂತಿಗೆ’ ಅನ್ನುವ ಅರ್ಥದ ಹೆಸರಿಟ್ಟಿದ್ದಾರೆ. ಊರಹಬ್ಬಕ್ಕೆ ವಂತಿಗೆ ಎತ್ತುವವರು ಬಾಗಿಲಿಗೆ ಬಂದು ಕೇಳುತ್ತಾರೆ, ರಸೀದಿ ಕೊಡುತ್ತಾರೆ, ಕೊನೆಗೆ ಒಂದು ದೊನ್ನೆ ಪಾಯಸವಾದರೂ ಸಿಗುತ್ತದೆ. ಇಲ್ಲಿ ವಂತಿಗೆ ಮಗಳ ಹೆಸರಲ್ಲಿ, ಕೀಳುವುದು ಅಮ್ಮನ ದುಡ್ಡಿನಲ್ಲಿ. ಪಾಯಸ ಇಲ್ಲ.

ಹಾಗಾದರೆ ಮಗಳು ಮನೆ ಬಿಟ್ಟು ಹೋಗಲಿ, ಪೀಡೆ ಕಳೆಯಿತು ಅಂದುಕೊಂಡಿರಾ? ಬನ್ನಿ, ಕೂತುಕೊಳ್ಳಿ.

2013ರ ಏಪ್ರಿಲ್‌ನಲ್ಲಿ ಇನ್ನೊಂದು ನಿಯಮ ಬಂತು. ಕೌನ್ಸಿಲ್ ಮನೆಯಲ್ಲಿರುವ ಬಾಡಿಗೆದಾರರಿಗೆ, ಪಿಂಚಣಿ ವಯಸ್ಸು ಮುಟ್ಟಿರದಿದ್ದರೆ, ಒಂದು ಬೆಡ್‌ರೂಮ್ ‘ಜಾಸ್ತಿ’ ಇದ್ದರೆ ಸಹಾಯದಲ್ಲಿ ಬಾಡಿಗೆಯ 14 ಪರ್ಸೆಂಟ್ ಕಡಿತ. ಎರಡು ಅಥವಾ ಮೇಲ್ಪಟ್ಟು ಜಾಸ್ತಿ ಇದ್ದರೆ 25 ಪರ್ಸೆಂಟ್. ಜನ ಇದನ್ನು ‘ಬೆಡ್‌ರೂಮ್ ಟ್ಯಾಕ್ಸ್’ ಅಂದರು. ಸರ್ಕಾರಕ್ಕೆ ಬೇಜಾರಾಯಿತು. ಇದು ತೆರಿಗೆ ಅಲ್ಲವೇ ಅಲ್ಲ, ಖಾಲಿ ಕೋಣೆಗೆ ಕೊಡುತ್ತಿದ್ದ ಸಬ್ಸಿಡಿ ತೆಗೆದಿದ್ದೇವೆ ಅಷ್ಟೇ ಅಂದಿತು. ಕಪಾಳಕ್ಕೆ ಹೊಡೆದಿಲ್ಲ, ಕೆನ್ನೆಯ ಹತ್ತಿರವಿದ್ದ ಗಾಳಿಯನ್ನು ವಾಪಸ್ ತೆಗೆದುಕೊಂಡೆವು ಅಂದ ಹಾಗೆ.

ಈಗ ಲೆಕ್ಕ ನೋಡಿ. ಐವತ್ತರ ಒಬ್ಬ ತಾಯಿ, 22ರ ಮಗಳು. ಎರಡು ಬೆಡ್‌ರೂಮಿನ ಕೌನ್ಸಿಲ್ ಮನೆ. ಬಾಡಿಗೆ ತಿಂಗಳಿಗೆ 600 ಪೌಂಡ್ ಅಂತಿಟ್ಟುಕೊಳ್ಳಿ. ಮಗಳು ಮನೆಯಲ್ಲಿದ್ದರೆ ಕಡಿತ 91.47. ಮಗಳು ಬೇರೆ ಮನೆ ಮಾಡಿದರೆ ಅವಳ ಕೋಣೆ ಖಾಲಿ, 600ಕ್ಕೆ 14 ಪರ್ಸೆಂಟ್, ಕಡಿತ 84. ಇದ್ದರೆ 91, ಹೋದರೆ 84. ಹೆತ್ತ ಮಗಳನ್ನು ಮನೆಯಿಂದ ಹೊರಗೆ ಹಾಕುವುದಕ್ಕೆ ಸರ್ಕಾರ ಕೊಡುವ ಬಹುಮಾನ ತಿಂಗಳಿಗೆ 7 ಪೌಂಡ್ 47 ಪೆನ್ಸ್. ಲಂಡನ್ನಿನಲ್ಲಿ ಒಂದು ಲೋಟ ಬಿಯರ್ ಬರುತ್ತದೆ, ಜೊತೆಗೆ ಕಡಲೆಬೀಜ ಬರುವುದು ಅನುಮಾನ.

ಮಗಳು ಮಗು ಹೆತ್ತು, ಅದರ ಸಮೇತ ಅಮ್ಮನ ಮನೆಗೆ ಬಂದರೆ? ಆಗ ವಂತಿಗೆ ಇಲ್ಲ. ಮಗುವಿಗೆ 5 ವರ್ಷ ಆಗುವವರೆಗೆ. ಐದನೇ ಹುಟ್ಟುಹಬ್ಬಕ್ಕೆ ಅಜ್ಜಿ ಕೇಕ್ ತಂದರೆ ಸರ್ಕಾರವೂ ಒಂದು ನೆನಪಿನ ಕಾಣಿಕೆ ಕಳಿಸುತ್ತದೆ.

ಇದೆಲ್ಲಕ್ಕಿಂತ ನನಗೆ ಇಷ್ಟವಾದದ್ದು ಲಾಡ್ಜರ್ ಕಥೆ. ಅದೇ ತಾಯಿ, ಕೌನ್ಸಿಲಿನ ಒಪ್ಪಿಗೆ ಪಡೆದು, ಮಗಳ ಕೋಣೆಗೆ ಯಾರೋ ಅಪರಿಚಿತನನ್ನು ಬಾಡಿಗೆಗೆ ಇಟ್ಟುಕೊಳ್ಳುತ್ತಾಳೆ ಅನ್ನಿ. ಅವನು ತಿಂಗಳಿಗೆ 400 ಪೌಂಡ್ ಕೊಡುತ್ತಾನೆ. ಯೂನಿವರ್ಸಲ್ ಕ್ರೆಡಿಟ್ ಆ 400ನ್ನು ಆದಾಯ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಒಂದು ಪೆನ್ನಿಯೂ ಇಲ್ಲ. ಕೋಣೆ ಮಾತ್ರ ಕಾಗದದಲ್ಲಿ ಖಾಲಿಯಾಗಿಯೇ ಇರುತ್ತದೆ. ಅಲ್ಲಿ ಒಬ್ಬ ಮನುಷ್ಯ ಗೊರಕೆ ಹೊಡೆಯುತ್ತಿದ್ದರೂ ಅದು ಖಾಲಿ ಕೋಣೆ, ಹಾಗಾಗಿ ಆ 84 ಹೋಗುತ್ತದೆ. ಹೋದರೂ ಮುನ್ನೂರು ಪೌಂಡಿಗೂ ಮೇಲೆ ಲಾಭ. ದುಡ್ಡು ಕೊಡುವ ಪರಕೀಯ ಕಣ್ಣಿಗೆ ಕಾಣುವುದಿಲ್ಲ. ದುಡ್ಡು ಕೊಡದ ಮಗಳು ಮಾತ್ರ 91.47 ಪೌಂಡಿನಷ್ಟು ಕಾಣುತ್ತಾಳೆ. ಸರಿ, ಮಗಳನ್ನೇ ಲಾಡ್ಜರ್ ಅಂತ ಬರೆಸೋಣ ಅಂದರೆ, ಹತ್ತಿರದ ಸಂಬಂಧಿಗಳು ಲಾಡ್ಜರ್ ಆಗುವಂತಿಲ್ಲ. ರಕ್ತಸಂಬಂಧಕ್ಕೆ ಬ್ರಿಟನ್ನಿನಲ್ಲಿ ಬೆಲೆ ಇಲ್ಲ ಅಂತ ಯಾರು ಹೇಳಿದ್ದು?

ಇನ್ನು ಒಬ್ಬ ಮನುಷ್ಯ ಯಾವಾಗ ದೊಡ್ಡವನಾಗುತ್ತಾನೆ ಅನ್ನುವುದು. ಅಮ್ಮನ ಹೌಸಿಂಗ್ ಬೆನಿಫಿಟ್ ಕೇಳಿದರೆ 18 ಅನ್ನುತ್ತದೆ. ಪೂರ್ತಿ ಕನಿಷ್ಠ ಕೂಲಿ ಕೇಳಿದರೆ 21 ಅನ್ನುತ್ತದೆ. 2024ರಲ್ಲಿ 20ರ ಹುಡುಗನಿಗೆ ಗಂಟೆಗೆ 8.60 ಸಾಕು ಅಂದಿತ್ತು. ಅವನೇ ಒಂಟಿಯಾಗಿ ಯೂನಿವರ್ಸಲ್ ಕ್ರೆಡಿಟ್ ಕೇಳಿದರೆ ಪೂರ್ತಿ ಭತ್ಯೆಗೆ 25 ಆಗಬೇಕು. ಖಾಸಗಿ ಮನೆ ಬಾಡಿಗೆಗೆ ಸಹಾಯ ಕೇಳಿದರೆ 35! ಅಲ್ಲಿಯವರೆಗೆ ಒಂಟಿ ಆಸಾಮಿಗೆ ಸಾಮಾನ್ಯವಾಗಿ ಹಂಚಿಕೊಂಡ ಮನೆಯ ಒಂದು ಕೋಣೆಯ ದರ ಮಾತ್ರ. ಇದು ಮೊದಲು 25 ಇತ್ತು, 2012ರ ಜನವರಿಯಲ್ಲಿ 35ಕ್ಕೆ ಏರಿಸಿದರು. ಬ್ರಿಟಿಷರ ಬಾಲ್ಯ ಒಂದೇ ರಾತ್ರಿಯಲ್ಲಿ ಹತ್ತು ವರ್ಷ ಉದ್ದವಾಯಿತು. ನನ್ನೆದುರಿಗಿದ್ದ 31ರ ಹುಡುಗ ಅಮ್ಮನ ಮನೆಯಲ್ಲಿದ್ದಾಗ ಪೂರ್ತಿ ಬೆಳೆದ ಗಂಡಸು. ಹೊಸ್ತಿಲು ದಾಟಿದ ಕೂಡಲೇ ಸ್ವಂತ ಬಚ್ಚಲಿಗೆ ಇನ್ನೂ ವಯಸ್ಸಾಗದ ಕೂಸು.

ಇದನ್ನು ಯಾರೋ ನಿದ್ದೆಗಣ್ಣಿನಲ್ಲಿ ಬರೆದಿರಬೇಕು ಅಂತ ನನಗೂ ಮೊದಲು ಅನ್ನಿಸಿತ್ತು. ಇಲ್ಲ, ಎಚ್ಚರವಾಗಿಯೇ ಬರೆದದ್ದು. ನಾನ್-ಡಿಪೆಂಡೆಂಟ್ ಕಡಿತದ ದರ 2001ರಿಂದ ಏರದೆ ನಿಂತಿತ್ತು. 2010ರ ಜೂನ್ ಬಜೆಟ್‌ನಲ್ಲಿ ಆಗಿನ ಹಣಕಾಸು ಮಂತ್ರಿ ಜಾರ್ಜ್ ಆಸ್ಬೋರ್ನ್ ಇದನ್ನು ಗಮನಿಸಿ, ನಿಂತುಹೋದ ವರ್ಷಗಳ ಬಾಕಿಯನ್ನೆಲ್ಲ ಮೂರು ಕಂತಿನಲ್ಲಿ ಏರಿಸಲು ಹೊರಟರು. 47.75 ಇದ್ದ ಮೇಲಿನ ದರ 2013ರ ಹೊತ್ತಿಗೆ 87.75. ಆಮೇಲೆ ಏರುತ್ತಾ ಏರುತ್ತಾ 2024-25ಕ್ಕೆ 124.55. ಅದೇ 2013ರಲ್ಲೇ ಬೆಡ್‌ರೂಮ್ ಟ್ಯಾಕ್ಸ್ ಬಂದದ್ದು ಅಂತ ಆಗಲೇ ಹೇಳಿದೆ. ಅಂದರೆ ಮಕ್ಕಳು ಮನೆಯಲ್ಲಿರುವುದಕ್ಕೂ ಮನೆ ಬಿಡುವುದಕ್ಕೂ ಒಂದೇ ಏಪ್ರಿಲ್‌ನಲ್ಲಿ ದರ ನಿಗದಿಯಾಯಿತು. ಅಚ್ಚುಕಟ್ಟು ಅಂದರೆ ಇದು.

ಸಂಜೆ ತಿಪಟೂರಿನಿಂದ ಅಮ್ಮ ಫೋನ್ ಮಾಡಿದಾಗ ಇದನ್ನೆಲ್ಲ ಹೇಳಿದೆ. ಅಮ್ಮ ಅರ್ಥ ಮಾಡಿಕೊಳ್ಳಲು ತಯಾರಿರಲಿಲ್ಲ.

“ಮಗ ತಾಯಿ ಹತ್ರ ಇರೋದಕ್ಕೆ ದುಡ್ಡು ಕೀಳ್ತಾರೇನೋ?”

“ಹೂಂ ಅಮ್ಮ.”

“ನಿಮ್ಮಣ್ಣ ನಲವತ್ತೈದಾದರೂ ನನ್ನ ಹತ್ರಾನೇ ಇದಾನೆ. ಅವನಿಗೆಷ್ಟು ಹಾಕ್ತಾರೆ?”

ಅಣ್ಣ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತ. ಅವನ ಸಂಬಳವನ್ನು ಪೌಂಡ್ ಮಾಡಿದರೆ ಅತಿ ಕೆಳಗಿನ ಮೆಟ್ಟಿಲು. “19.30 ಪೌಂಡ್. ನಮ್ಮ ಲೆಕ್ಕದಲ್ಲಿ ಎರಡು ಸಾವಿರ ರೂಪಾಯಿ.”

“ತಿಂಗಳಿಗಾ?”

“ವಾರಕ್ಕೆ.”

ಸ್ವಲ್ಪ ಹೊತ್ತು ಫೋನಿನಲ್ಲಿ ಮಾತಿಲ್ಲ. ಆಮೇಲೆ ಅಮ್ಮ ಅಂದರು, “ಇಲ್ಲಿ ಗೃಹಲಕ್ಷ್ಮಿ ಅಂತ ತಿಂಗಳಿಗೆ ಎರಡು ಸಾವಿರ ಹಾಕ್ತಾರೆ. ಅಲ್ಲಿ ವಾರಕ್ಕೆ ಎರಡು ಸಾವಿರ ಕಿತ್ಕೋತಾರಾ? ಅವನು ಕೊತ್ತಂಬರಿ ಸೊಪ್ಪು ತರೋಕೂ ನನ್ನ ಹತ್ರಾನೇ ಇಸ್ಕೊಂಡು ಹೋಗ್ತಾನಲ್ಲೋ.”

“ಅವನನ್ನ ಅಲ್ಲಿ ಸ್ವಾವಲಂಬಿ ಅಂತಾರಮ್ಮ.”

ಅಮ್ಮ ಎಷ್ಟು ನಕ್ಕರು ಅಂದರೆ ಕೆಮ್ಮು ಬಂತು. ಅತ್ತಿಗೆಯನ್ನು ಕರೆದು ಅವರಿಗೂ ಹೇಳಿದರು. ಇಬ್ಬರೂ ಒಟ್ಟಿಗೆ ನಗುವುದನ್ನು ಕೇಳಿ ನನಗೆ ಸಮಾಧಾನವಾಯಿತು. 2023ರಲ್ಲಿ ಗೃಹಲಕ್ಷ್ಮಿ ಬಂದಾಗ ಒಂದು ರೇಷನ್ ಕಾರ್ಡಿಗೆ ಒಬ್ಬಳೇ ಯಜಮಾನಿ ಅನ್ನುವ ನಿಯಮದಿಂದ ನಮ್ಮ ಮನೆಯಲ್ಲೂ ಮೂರು ತಿಂಗಳು ಸಾರಿಗೆ ಉಪ್ಪು ಹೆಚ್ಚುಕಮ್ಮಿಯಾಗಿತ್ತು. ಒಂದು ಸೂರಿನ ಕೆಳಗೆ ಯಾರು ಯಾರಿಗೆ ಏನು ಅಂತ ಸರ್ಕಾರ ಫಾರಂ ಹಿಡಿದು ಕೇಳಿದರೆ ತಿಪಟೂರಿನಲ್ಲೂ ತೊಂದರೆಯೇ.

ಮುಂದಿನ ಶನಿವಾರ ಆ ತಾಯಿ ಮಗ ಮತ್ತೆ ಬಂದರು. ಕಡಿತ ಸರಿಯಾಗಿಯೇ ಇದೆ, ಪ್ರಶ್ನಿಸಲು ಜಾಗ ಇಲ್ಲ ಅಂತ ಹೇಳಬೇಕಾಗಿತ್ತು, ಹೇಳಿದೆ. ಮಗ ತಲೆ ತಗ್ಗಿಸಿಕೊಂಡು, ತಾನು ಕೊಡ್ತೀನಿ ಅಂತ ಗೊಣಗಿದ. ಆಕೆ, “ನಿನ್ನ ಹತ್ರ ಎಲ್ಲಿದೆ, ಸುಮ್ನಿರು” ಅಂದರು. ಮೆಟ್ಟಿಲಿನ ಲೆಕ್ಕವನ್ನು ಒಂದು ಚೀಟಿಯ ಮೇಲೆ ಬರೆದು ತೋರಿಸಿದೆ. 29 ಗಂಟೆಯ ಮುಂದೆ ಒಂದು ಗೆರೆ ಎಳೆದೆ. ಆಕೆ ಚೀಟಿಯನ್ನು ಎರಡು ಸಲ ಮಡಚಿ ಕೈಚೀಲದ ಒಳಜೇಬಿಗೆ ಹಾಕಿಕೊಂಡರು.

ಅಷ್ಟರಲ್ಲಿ ಹುಡುಗನ ಫೋನ್ ಬಂತು. ಗೋದಾಮಿನ ಮ್ಯಾನೇಜರ್. ದನಿ ನನಗೂ ಕೇಳಿಸುತ್ತಿತ್ತು. ಒಳ್ಳೆಯ ಕೆಲಸಗಾರ ನೀನು, ಸೋಮವಾರದಿಂದ ವಾರಕ್ಕೆ ಒಂದೆರಡು ಗಂಟೆ ಜಾಸ್ತಿ ಹಾಕಿಕೊಡ್ಲಾ ಅನ್ನುತ್ತಿದ್ದರು.

ಸ್ವಾವಲಂಬಿ ಫೋನಿನ ಮೇಲೆ ಕೈ ಮುಚ್ಚಿ ಅಮ್ಮನ ಮುಖ ನೋಡಿದ. ಅಮ್ಮ ತಲೆ ಅಲ್ಲಾಡಿಸಿದರು.

“ಅಮ್ಮ ಬೇಡ ಅಂತಿದಾರೆ ಸರ್” ಅಂದ.